ನಾನು ಓಡಿಹೋದ ಸಂಗತಿ

ವಯಸ್ಸಾದಂತೆ ನಾಚಿಕೆ ತಾನಾಗಿ ಉದುರಿ ಹೋಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನ ಹಲ್ಲು ಉದುರಿವೆ, ಕೂದಲು ಉದುರಿದೆ, ನಾಚಿಕೆ ಮಾತ್ರ ಇದ್ದಲ್ಲೇ ಗಟ್ಟಿಯಾಗಿ ಕೂತಿದೆ. ತರಕಾರಿಯವನು ಹುಳುಕು ಬದನೆಕಾಯಿ ತೂಗಿದರೆ ‘ಇದು ಬೇಡಪ್ಪ’ ಎನ್ನಲು ಬಾಯಿ ಬಾರದೆ, ಮನೆಗೆ ತಂದು, ಹುಳ ತಿಂದ ಭಾಗ ಕೊಯ್ದು ಪಲ್ಯ ಮಾಡುವವಳು ನಾನು. ತಿಪಟೂರಿನ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳು ವರ್ಷ ಓದಿದೆ. ಆ ಏಳು ವರ್ಷದಲ್ಲಿ ನಾನು ಕೈ ಎತ್ತಿದ್ದು ಒಂದೇ ಸಲ, ಅದೂ ಹೊರಗೆ ಹೋಗಲೇಬೇಕಾಗಿತ್ತು ಅಂತ. ಇಂಥವಳು ವಿಜಯವಾಡದಲ್ಲಿ ಕ್ಯಾಮೆರಾದ ಮುಂದೆ ಕೂತು, ಜಗತ್ತೆಲ್ಲ ನೋಡುತ್ತಿರುವಾಗ ಕಂಪ್ಯೂಟರಿನ ಆಟ ಆಡುತ್ತೇನೆ ಎಂದು ಅರ್ಜಿ ಹಾಕಿದ್ದೆ. ಆ ಕಥೆಯನ್ನು ಮೊಮ್ಮಕ್ಕಳಾದ ನೀವು ಹಬ್ಬಕ್ಕೆ ಸೇರಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಥರ ಹೇಳಿ ನಗುತ್ತೀರಿ. ಹೇಳುವುದೆಲ್ಲ ತಪ್ಪು. ಸರಿಯಾದದ್ದು ಗೊತ್ತಿರುವವಳು ನಾನೊಬ್ಬಳೇ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಟದ ವಿಷಯ. ನಿಮ್ಮ ತಾತಯ್ಯ ವಿಶಾಖಪಟ್ಟಣದ ಬಂದರಿನ ಹತ್ತಿರ, ಹಡಗಿನ ಸರಕಿನ ಕಾಗದಪತ್ರ ನೋಡುವ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಿವೃತ್ತರಾದ ದಿನ ಕಚೇರಿಯವರು ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಅಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಹಳೆಯ ಕಂಪ್ಯೂಟರು ಕೊಟ್ಟು ಕಳಿಸಿದರು. ಶಾಲನ್ನು ಜಿರಲೆ ತಿಂದಿತು, ಗಡಿಯಾರ ನಿಂತಿತು, ಕಂಪ್ಯೂಟರು ಉಳಿಯಿತು. ಅದರಲ್ಲಿ ಬಾಂಬು ಹುಡುಕುವ ಆಟವೊಂದಿತ್ತು. ಸಾಲುಸಾಲಾಗಿ ಬೂದುಬಣ್ಣದ ಪುಟ್ಟ ಚೌಕಗಳು. ಒಂದನ್ನು ಒತ್ತಿದರೆ ಒಂದು ಅಂಕಿ ಕಾಣುತ್ತದೆ. ಸುತ್ತಲಿನ ಚೌಕಗಳಲ್ಲಿ ಎಷ್ಟು ಬಾಂಬಿವೆ ಎಂಬುದರ ಲೆಕ್ಕ ಅದು. ಬಾಂಬಿನ ಮೇಲೆ ಕೈ ಇಡದೆ ಮಿಕ್ಕದ್ದನ್ನೆಲ್ಲ ತೆರೆಯಬೇಕು. ಗೆದ್ದರೆ ಮೇಲಿರುವ ಹಳದಿ ಮುಖ, ಕಣ್ಣಿನ ಆಪರೇಷನ್ ಆದವರ ಹಾಗೆ, ಕಪ್ಪು ಕನ್ನಡಕ ಹಾಕಿಕೊಳ್ಳುತ್ತದೆ. ಎಲ್ಲರಿಗಿಂತ ಬೇಗ ಮುಗಿಸಿದ ಒಬ್ಬರ ಹೆಸರನ್ನು ಮಾತ್ರ ಅದು ನೆನಪಿಟ್ಟುಕೊಳ್ಳುತ್ತದೆ. ಅವರಿಗಿಂತ ಬೇಗ ಇನ್ನೊಬ್ಬರು ಮುಗಿಸಿದರೆ ಹಳೆಯದನ್ನು ಅಳಿಸಿ ಹೊಸ ಹೆಸರು ಕೇಳುತ್ತದೆ. ಮನುಷ್ಯರಿಗಿಂತ ಏನೂ ಬೇರೆಯಲ್ಲ. ತಾತಯ್ಯ ಒಂದು ಬೆಳಿಗ್ಗೆ ನಲವತ್ತು ಬಾಂಬಿನ ಆಟವನ್ನು ತೊಂಬತ್ತೊಂದು ಸೆಕೆಂಡಿಗೆ ಮುಗಿಸಿ, ‘ರಾವ್’ ಎಂದು ಬರೆದು, ನಾನು ಬಂದು ನೋಡುವವರೆಗೂ ಕೂಗಿದರು. ಆ ದಿನದ ಒಗ್ಗರಣೆ ಸೀದುಹೋಯಿತು.

ಆಮೇಲೆ ಅವರ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಸಕ್ಕರೆ ಕಾಯಿಲೆ ಕಣ್ಣನ್ನೂ ಮಸುಕು ಮಾಡಿತು. ಆಸ್ಪತ್ರೆ ಇಲ್ಲದ ದಿನಗಳಲ್ಲಿ ಅವರಿಗೆ ಉಳಿದದ್ದು ಈ ಆಟವೊಂದೇ, ಆದರೆ ಅಂಕಿ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಅವರ ಕಣ್ಣೂ ಆದೆ, ಕೈಯೂ ಆದೆ. “ಮೇಲಿನ ಸಾಲು ಏನೈತೆ ಹೇಳು” ಎನ್ನುತ್ತಿದ್ದರು, ಅವರಮ್ಮನಿಂದ ಬಂದ ಕನ್ನಡದಲ್ಲಿ. “ಒಂದು, ಎರಡು, ಒಂದು ಕಣ್ರೀ” ಎನ್ನುತ್ತಿದ್ದೆ. ಅವರು ಯೋಚಿಸುತ್ತಿದ್ದರು. ಬಾಂಬು ಎಲ್ಲಿದೆ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿರುತ್ತಿತ್ತು, ಆದರೂ ಕಾಯುತ್ತಿದ್ದೆ. ಅವರು ತಪ್ಪು ಚೌಕ ಹೇಳಿದರೆ ಮಾತಾಡದೆ ಅದರ ಪಕ್ಕದ್ದನ್ನು ಒತ್ತಿ “ಸರಿಯಾಗಿ ಹೇಳಿದ್ರಿ” ಎನ್ನುತ್ತಿದ್ದೆ. ಆಸ್ಪತ್ರೆಯ ಪಕ್ಕದ ಮಂಚದವರಿಗೆ ಅವರು “ಚೂಪು ಪೋಯಿಂದಿ ಗಾನೀ ಬುರ್ರ ಪೋಲೇದು” ಎಂದು ಹೇಳಿಕೊಳ್ಳುತ್ತಿದ್ದರು. ದೃಷ್ಟಿ ಹೋಗಿದೆ, ಬುದ್ಧಿ ಹೋಗಿಲ್ಲವಂತೆ. ನಾನು ಬ್ಯಾಗಿನಲ್ಲಿ ಇಲ್ಲದ ಕರವಸ್ತ್ರ ಹುಡುಕುತ್ತಿದ್ದೆ. ಕೊನೆಗೆ ಡಾಕ್ಟರು ‘ಫಿಫ್ಟಿ ಫಿಫ್ಟಿ’ ಎಂದರು. ಆಟದ ಕೊನೆಯಲ್ಲೂ ಕೆಲವು ಸಲ ಎರಡೇ ಚೌಕ ಉಳಿದು, ಯಾವ ಲೆಕ್ಕವೂ ನಡೆಯದೆ, ಸುಮ್ಮನೆ ಒಂದನ್ನು ಒತ್ತಬೇಕಾಗುತ್ತದೆ. “ಬಲಗಡೆದು ಒತ್ತಮ್ಮಾ” ಎಂದು ಅವರು ಡಾಕ್ಟರಿಗೇ ಹೇಳಿ ನಕ್ಕರು. ಆ ಮಂಗಳವಾರ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ಅದಾದ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾದವು. ನಾನೊಬ್ಬಳೇ ಆಡತೊಡಗಿದೆ. ಯಾರಿಗೂ ಕಾಯಬೇಕಿಲ್ಲದ್ದರಿಂದ ಕೈ ತಾನಾಗಿ ಓಡಿತು. ಅರವತ್ತು, ಅರವತ್ತೈದು ಸೆಕೆಂಡಿಗೆಲ್ಲ ಒಂದೇ ಚೌಕ ಉಳಿಯುತ್ತಿತ್ತು. ಅದನ್ನೂ ಒತ್ತಿದರೆ ಯಂತ್ರ ಅವರ ತೊಂಬತ್ತೊಂದನ್ನು ಅಳಿಸಿಬಿಡುತ್ತದೆ. ಮರಣಪತ್ರ ಬಿಟ್ಟರೆ ಆ ಮನೆಯಲ್ಲಿ ಅವರ ಹೆಸರು ಅಚ್ಚಿನ ಅಕ್ಷರದಲ್ಲಿ ಉಳಿದಿದ್ದು ಅಲ್ಲೊಂದೇ ಕಡೆ. ಹಾಗಾಗಿ ಕೊನೆಯ ಚೌಕ ಹಾಗೇ ಬಿಟ್ಟು, ಕೈಕಟ್ಟಿ ಕೂತು, ತೊಂಬತ್ತೆರಡು ಆಗುವವರೆಗೆ ಅವರ ಜೊತೆ ಎರಡು ಮಾತಾಡುತ್ತಿದ್ದೆ. ಹಾಲಿನವನು ಬಂದಿದ್ದು, ಪಕ್ಕದ ಮನೆಯವರ ನಾಯಿ ಹೋಗಿದ್ದು, ಹೀಗೆ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವಷ್ಟೇ ಇರುತ್ತಿತ್ತು ನನ್ನ ದಿನ.

ವಿಜಯವಾಡದ ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದ, ನಿಮ್ಮಲ್ಲೊಬ್ಬಳಾದ ಸಿಂಧು, ರಜೆಗೆ ಬಂದಾಗ ಇದನ್ನು ಬಾಗಿಲಲ್ಲಿ ನಿಂತು ನೋಡಿಬಿಟ್ಟಳು. “ಅಮ್ಮಮ್ಮಾ, ಮಳ್ಳೀ!” ಎಂದು ಕಿರುಚಿದಳು. ತೆಲುಗಿನಲ್ಲಿ ಅದು ‘ಇನ್ನೊಂದು ಸಲ’ ಎಂದು. ನಲವತ್ತು ವರ್ಷದಿಂದ ಕೇಳಿದ ಮಾತೇ. ಆದರೆ ಗಾಬರಿಯಾದಾಗ ನನ್ನ ಕಿವಿ ಹಳ್ಳಿಗೆ ಹೋಗುತ್ತದೆ. “ಯಾರೇ ಮಳ್ಳಿ? ನಾನೇನೇ ಮಳ್ಳಿ?” ಎಂದೆ. ಏನೂ ಅರಿಯದವಳಂತೆ ನಟಿಸುವವಳು ಎಂಬ ಅರ್ಥದಲ್ಲಿ ನೋಡಿದರೆ ಅವಳು ಕನ್ನಡದಲ್ಲೂ ಸರಿಯಾಗಿಯೇ ಹೇಳಿದ್ದಳು.

“ಲಾಸ್ಟ್ ಒಂದು ಯಾಕೆ ಒತ್ತದೇ ಕೂತಿದ್ದೆ?”

“ಯೋಚನೆ ಮಾಡ್ತಿದ್ದೆ.”

“ಒಂದೇ ಇದ್ರೆ ಯೋಚನೆ ಏಂಟಿ ಅಮ್ಮಮ್ಮಾ?”

ಕಾಫಿಗೆ ಎದ್ದೆ. ಅಡುಗೆಮನೆವರೆಗೂ ಬಂದು ಅವಳು ತನ್ನ ಸಂಗತಿ ಹೇಳಿದಳು. ಆಟವೊಂದನ್ನು ಆದಷ್ಟು ಬೇಗ ಮುಗಿಸುವುದಕ್ಕೆ ಅವಳೂ ಆಡುವ ಗುಂಪಿನಲ್ಲಿ ‘ರನ್’ ಎನ್ನುತ್ತಾರಂತೆ, ಅಂದರೆ ಓಟ. ವಿಜಯವಾಡದ ಒಂದು ಸಭಾಂಗಣದಲ್ಲಿ ಎರಡು ದಿನ ಒಬ್ಬರಾದ ಮೇಲೊಬ್ಬರು ಕೂತು ಹೀಗೆ ಓಡುತ್ತಾರೆ, ಜನ ಮನೆಯಿಂದಲೇ ನೋಡಿ ದಾನ ಕೊಡುತ್ತಾರೆ, ಅದು ಬಡವರ ಡಯಾಲಿಸಿಸ್‌ಗೆ ಹೋಗುತ್ತದೆ. ಕೂತಲ್ಲೇ ಓಡುವುದಾದರೆ ನನ್ನ ಮಂಡಿಯ ಅಡ್ಡಿಯೇನೂ ಇರಲಿಲ್ಲ. ನಾಚಿಕೆಯ ಅಡ್ಡಿ ಇತ್ತು. ಆದರೆ ಸಿಂಧು “ತಾತಯ್ಯ ಪಕ್ಕದ ಮಂಚದವರಿಗೋಸ್ಕರ ಅಮ್ಮಮ್ಮಾ” ಎಂದಳು. ಆ ಮಂಚದವರೂ ಇರಲಿಲ್ಲ. ಆ ಮಂಚದಲ್ಲಿ ಬೇರೆ ಯಾರೋ ಇದ್ದರು. ಹೂಂ ಎಂದೆ.

ಅರ್ಜಿಯ ಜೊತೆ ಆಡುವುದರ ವಿಡಿಯೋ ಕಳಿಸಬೇಕಾಗಿತ್ತು. ಆಡುತ್ತಾ ಮಾತೂ ಆಡಬೇಕಂತೆ, ಈಗೇನು ಮಾಡಿದೆ, ಮುಂದೇನು ಮಾಡುತ್ತೇನೆ ಎಂದು. “ನೀನು ಎದುರಿಗಿದ್ರೆ ಬಾಯಿ ಬರಲ್ಲ ಕಣೇ” ಎಂದದ್ದಕ್ಕೆ ಅವಳು ಫೋನನ್ನು ನನ್ನ ಬೆನ್ನ ಹಿಂದಿನ ಕಪಾಟಿನ ಮೇಲೆ ನಿಲ್ಲಿಸಿ, ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರಿಗೆಂದು ಮಾತಾಡಲಿ? ನನಗೆ ಗೊತ್ತಿದ್ದ ಕೇಳುಗರು ಒಬ್ಬರೇ. ಪಕ್ಕದ ಖಾಲಿ ಕುರ್ಚಿಗೆ ಹೇಳಿದೆ, “ಮೇಲಿನ ಸಾಲು ಒಂದು, ಎರಡು, ಒಂದು ಕಣ್ರೀ. ಮೂಲೇಲಿ ಐತೆ, ಬಿಡಿ, ಮುಟ್ಟಲ್ಲ.” ಮಾತು ಬಂದಿತು. ಮಾತಿನ ಗುಂಗಿನಲ್ಲಿ ಕೈ ಓಡಿತು. ನಿಲ್ಲಬೇಕು ಎಂಬುದೇ ಮರೆಯಿತು. ಹಳದಿ ಮುಖ ಕಪ್ಪು ಕನ್ನಡಕ ಹಾಕಿಕೊಂಡಾಗ ಐವತ್ತೆಂಟು ಸೆಕೆಂಡು. ಹೊಸ ಹೆಸರು ಕೊಡಿ ಎಂದು ಯಂತ್ರ ಬಾಯಿ ತೆರೆದಿತ್ತು.

“ಅಯ್ಯೋ, ಓಡಿಹೋದ್ನಲ್ರೀ! ನಿಮ್ಮನ್ನ ಬಿಟ್ಟು ಓಡಿಹೋದ್ನಲ್ಲಾ!” ಎಂದು ಕೂಗಿಕೊಂಡೆ. ಮುಂದಕ್ಕೆ ಬಾಗಿ ಪರದೆಗೆ ಮುಖವಿಟ್ಟು, ನನಗೆ ಬರುವ ಅಷ್ಟೂ ಇಂಗ್ಲಿಷನ್ನು ಬಳಸಿ, ಆರ್, ಎ, ಓ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ತೊಂಬತ್ತೊಂದು ಹೋಯಿತು, ಹೆಸರು ಉಳಿಯಿತು. ಸಿಂಧು ಬಾಗಿಲು ತೆರೆದು “ಅಯ್ಯಿಂದಾ?” ಎಂದಳು. “ಆಯ್ತು” ಎಂದೆ. ಅವಳಿಗೆ ದುವ್ವಾಡ ಸ್ಟೇಷನ್ನಿನಲ್ಲಿ ರೈಲಿಗೆ ಹೊತ್ತಾಗಿತ್ತು. ವಿಡಿಯೋ ನೋಡದೆಯೇ ದಾರಿಯಲ್ಲಿ ಕಳಿಸಿದಳು.

ಎರಡು ವಾರದ ಮೇಲೆ ಅರ್ಜಿ ತಿರಸ್ಕಾರವಾಯಿತು. ಕೊನೆಯಲ್ಲಿ ನನ್ನ ತಲೆ ಅಡ್ಡ ಬಂದು ಪರದೆ ಕಾಣುವುದಿಲ್ಲ, ಆದರೆ ಅಮ್ಮನವರೇ ‘ಓಡಿ’ ಎಂದು ಎರಡು ಸಲ ಅತ್ತುಕೊಂಡು ಹೇಳಿದ್ದಾರೆ, ಆದ್ದರಿಂದ ಸೋತಿದ್ದಾರೆ ಎಂದು ಬರೆದಿದ್ದರು. ತೆಲುಗಿನಲ್ಲಿ ಓಡುವುದು ಎಂದರೆ ಸೋಲುವುದು. ಈ ಮಾತು ನನ್ನನ್ನು ಕಾಡಿದ್ದು ಇದೇ ಮೊದಲಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತಾತಯ್ಯ ಕಚೇರಿಯ ಸಂಘದ ಚುನಾವಣೆಗೆ ನಿಂತಿದ್ದರು. ಎದುರುಮನೆಯವರು ಅವರೆಲ್ಲಿ ಎಂದು ಕೇಳಿದರು. ಬಸ್ಸು ಹಿಡಿಯಲು ಓಡಿಹೋಗಿದ್ದರು, ನಾನು “ಓಡಿಹೋದ್ರು” ಎಂದೆ. ಸಂಜೆಯ ಹೊತ್ತಿಗೆ ಅರ್ಧ ಬೀದಿ ಸಮಾಧಾನ ಹೇಳಲು ಮನೆಗೆ ಬಂದಿತ್ತು. ಗೆದ್ದು ಹಾರ ಹಾಕಿಕೊಂಡು ಬಂದವರು ಬಾಗಿಲಲ್ಲಿದ್ದ ಚಪ್ಪಲಿಗಳನ್ನು ನೋಡಿ, ಮನೆಯಲ್ಲಿ ಯಾರು ಹೋದರು ಎಂದು ಬೆವೆತುಬಿಟ್ಟರು.

ಸಿಂಧು ಸುಮ್ಮನಿರಲಿಲ್ಲ. ‘ಕನ್ನಡದಲ್ಲಿ ಓಡುವುದು ಅಂದರೆ ರನ್, ನಮ್ಮ ಅಮ್ಮಮ್ಮ ಗೆದ್ದಿರಲೇಬೇಕು’ ಎಂದು ಅವರ ಜೊತೆ ಜಗಳ ಮಾಡಿದಳು. ಹಾಗಾದರೆ ಅವರನ್ನೇ ಕೇಳುತ್ತೇವೆ ಎಂದು, ಆಯ್ಕೆ ಮಾಡುವ ಗುಂಪಿನ ಹಾರಿಕ ಎಂಬ ಹುಡುಗಿ ನನಗೆ ಫೋನು ಮಾಡಿದಳು. ಬಹಳ ಮರ್ಯಾದೆಯ ಹುಡುಗಿ. “ಅಮ್ಮಾ, ಕನ್ಫ್ಯೂಷನ್ ಅಯ್ಯಿಂದಂಡಿ. ಮೀರು ಗೆಲಿಚಾರಾ, ಓಡಿಪೋಯಾರಾ?” ಎಂದಳು. ಗೆದ್ದಿರೋ ಸೋತಿರೋ ಎಂದು.

ನಿಮ್ಮ ಕಥೆಯಲ್ಲಿ ನೀವು ತಪ್ಪುವುದು ಇಲ್ಲೇ. ಅವಳು ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಅಜ್ಜಿ ಓಟ ಅಂದುಕೊಂಡು ಹೌದು ಎಂದಳು ಎಂದು ನಗುತ್ತೀರಿ. ನನಗೆ ಚೆನ್ನಾಗಿ ಅರ್ಥವಾಗಿತ್ತು. ಗೆದ್ದೆ ಎಂದರೆ ಪರದೆ ಕಾಣುವಂತೆ ಇನ್ನೊಂದು ವಿಡಿಯೋ ಮಾಡಬೇಕು. ಐವತ್ತೆಂಟು ಸೆಕೆಂಡು ರಾವ್ ಅವರದಲ್ಲ, ನನ್ನದು ಎನ್ನಬೇಕು. ಯಾವಾಗಿನಿಂದ ಇಷ್ಟು ಚುರುಕು ಎಂದು ಕೇಳುತ್ತಾರೆ. ಕಣ್ಣಿಲ್ಲದ ಮನುಷ್ಯ ಎರಡು ವರ್ಷ ಗೆದ್ದದ್ದು ಹೇಗೆ ಎಂಬಲ್ಲಿಗೆ ಆ ಮಾತು ಹೋಗಿ ನಿಲ್ಲುತ್ತದೆ. “ಔನಮ್ಮಾ, ಓಡಿಪೋಯಾನು” ಎಂದೆ. ಹೌದಮ್ಮ, ಸೋತೆ. ನಲವತ್ತು ವರ್ಷದಲ್ಲಿ ನಾನು ಆಡಿದ ಅತ್ಯಂತ ಶುದ್ಧವಾದ ತೆಲುಗು ವಾಕ್ಯ ಅದು. ಹಾರಿಕ “ಪರವಾಲೇದಮ್ಮಾ” ಎಂದು ಎರಡು ಸಲ ಸಮಾಧಾನ ಹೇಳಿದಳು. ಮುಂದೆ ಸಿಂಧು, ನನಗೆ ಅರ್ಥವಾಗದ ಹಾಗೆ ಕೇಳಿದಳೆಂದು, ಅವಳ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದು ನನ್ನ ಪಾಪ.

ಡಿಸೆಂಬರಿನಲ್ಲಿ ಸಿಂಧು ತನ್ನ ಓಟ ನೋಡಲು ನನ್ನನ್ನೂ ವಿಜಯವಾಡಕ್ಕೆ ಕರೆದುಕೊಂಡು ಹೋದಳು. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತೆ. ನಡುವೆ ಯಾರದೋ ಕಂಪ್ಯೂಟರು ಕೈಕೊಟ್ಟು ಆಟ ನಿಂತಿತು. ಅದು ಸರಿಯಾಗುವವರೆಗೆ ಏನಾದರೂ ಮಾತಾಡು ಎಂದು ಸಿಂಧುವಿನ ಕೈಗೆ ಮೈಕು ಕೊಟ್ಟರು. ಅವಳು ದಸರೆಗೆ ಮನೆಗೆ ಬಂದಾಗ ಆ ಯಂತ್ರದ ಪಟ್ಟಿಯನ್ನು ನೋಡಿದ್ದಳು. ನನಗೆ ಗೊತ್ತಿರಲಿಲ್ಲ. ‘ನಮ್ಮ ತಾತಯ್ಯ ಡಯಾಲಿಸಿಸ್ ಪೇಷೆಂಟು, ಕಣ್ಣು ಕಾಣುತ್ತಿರಲಿಲ್ಲ, ಆದರೂ ಐವತ್ತೆಂಟು ಸೆಕೆಂಡಿಗೆ ಮುಗಿಸಿದ್ದರು, ಅವರ ರೆಕಾರ್ಡು ಮುರಿಯಲು ಹೋಗಿ ನಮ್ಮ ಅಮ್ಮಮ್ಮ ಸೋತರು, ಅದೋ ಅಲ್ಲಿ ಕೂತಿದ್ದಾರೆ’ ಎಂದು ತೆಲುಗಿನಲ್ಲಿ ಹೇಳಿಬಿಟ್ಟಳು. ಇಡೀ ಸಭಾಂಗಣ ಹಿಂದಕ್ಕೆ ತಿರುಗಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹಾರಿಕ ನನ್ನ ಕೈ ಹಿಡಿದು ಎಬ್ಬಿಸಿದಳು. ನಾನು ನಿಂತು ಕೈಮುಗಿದೆ. ಆ ಹೊತ್ತಿಗೆ ದಾನ ಬಹಳ ಬಂತಂತೆ.

ನಿಮ್ಮ ತಾತಯ್ಯ ಸತ್ತ ಮೇಲೆ ಮೂವತ್ತಮೂರು ಸೆಕೆಂಡು ಚುರುಕಾದರು ಎಂಬುದು ಅಲ್ಲಿದ್ದ ಅಷ್ಟು ಎಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನು ಅಂದುಕೊಂಡದ್ದೆಲ್ಲ ಆಗಿತ್ತು. ಅವರ ಹೆಸರು ಉಳಿದಿತ್ತು, ನನ್ನ ಗುಟ್ಟು ಉಳಿದಿತ್ತು. ಸಂತೋಷಪಡಬೇಕಿತ್ತು. ಆದರೆ ಕೈಮುಗಿದು ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಇಷ್ಟೇ: ಇದು ನನ್ನ ಚಪ್ಪಾಳೆ, ಇದನ್ನೂ ಈ ಮನುಷ್ಯ ತೆಗೆದುಕೊಂಡು ಹೋದರಲ್ಲ. ಹೋದ ಗಂಡನ ಮೇಲೆ, ಅದೂ ಅವರಿಗಾಗಿ ಜನ ದಾನ ಕೊಡುತ್ತಿದ್ದಾಗ, ನನಗೆ ಹೊಟ್ಟೆಕಿಚ್ಚಾಯಿತು. ಒಂದು ಚಪ್ಪಾಳೆಗೆ ಇಷ್ಟು ಆಸೆಪಟ್ಟವಳು ತಾನು ನಾಚಿಕೆಯವಳು ಎಂದು ಜೀವಮಾನವಿಡೀ ಹೇಳಿಕೊಂಡು ತಿರುಗಿದ್ದು ನೋಡಿ.

ಐವತ್ತೆಂಟು ನನ್ನದು, ಮಕ್ಕಳೇ. ಇದನ್ನು ತೆಲುಗಿನಲ್ಲಿ ಬರೆದಿದ್ದರೆ ನೀವು ಇವತ್ತೇ ಓದುತ್ತಿದ್ದಿರಿ. ಕನ್ನಡದಲ್ಲಿ ಬರೆದಿದ್ದೇನೆ. ನಿಮಗೆ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಅಕ್ಷರಗಳು ಅಕ್ಕತಂಗಿಯರ ಹಾಗೆ ಇವೆ, ಮನಸ್ಸು ಮಾಡಿದರೆ ಒಂದು ವಾರದಲ್ಲಿ ಕಲಿತು ಓದಬಹುದು. ಕಲಿತರೆ ಸಂತೋಷ. ಓದಿದ ಮೇಲೆ ನನ್ನ ಎದುರಿಗೆ ಮಾತ್ರ ಈ ವಿಷಯ ಎತ್ತಬೇಡಿ, ನನಗೆ ನಾಚಿಕೆಯಾಗುತ್ತದೆ.