ಖಾನಾಪುರದ ಭಟ್ಟಿಗೆ ಬಂದ ಹುರುಪು

ಎಲ್ಲರ ಎದೆಯೊಳಗೆ ಕೂತು, ಅಳುವವರನ್ನೂ ನಡುವೆ ಒಮ್ಮೆ ನಗಿಸುವ ಶಿವನಿಗೆ ಮೊದಲು ಶರಣು.

ಹಂಚಿನ ಭಟ್ಟಿಯಲ್ಲಿ ಹಂಚು ಬಿರಿದಷ್ಟೇ ಸಹಜವಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಟಿಳಕವಾಡಿಯಿಂದ ದಿನಾ ಬಸ್ಸು ಹಿಡಿದು ಖಾನಾಪುರದ ಭಟ್ಟಿಗೆ ಹೋಗುವ ಗುಮಾಸ್ತ. ಮಾಲಕರ ಅಂಗಡಿ ರವಿವಾರ ಪೇಟೆಯಲ್ಲಿ. ಒಂದು ದಿನ ಅವರು, "ಮಂದಿಗೆ ಹುರುಪಿಲ್ಲ. ದೀಪಾವಳಿ ತನಕಾ ನೋಡ್ತೀನಿ, ಸುಧಾರಿಸಲಿಲ್ಲಂದ್ರ ಭಟ್ಟಿ ಮುಚ್ಚತೀನಿ" ಎಂದು, ಹುರುಪು ತುಂಬಲಿಕ್ಕೆ ಹೊಸ ಮ್ಯಾನೇಜರರನ್ನು ಕಳಿಸಿದರು. ಇಪ್ಪತ್ತು ಮನೆಗಳ ಒಲೆ ಆ ಭಟ್ಟಿಯನ್ನೇ ನಂಬಿತ್ತು. ಆಫೀಸಿನ ಶಿವನ ಫೋಟೋಕ್ಕೆ ದಿನಾ ಹೂಮಾಲೆ ಹಾಕುತ್ತೇನೆಂದು ನಾನು ಹರಕೆ ಹೊತ್ತೆ.

ಒಂದೇ ಗುರಿ

ಮೊದಲ ದಿನ ಮ್ಯಾನೇಜರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ನಾವೆಲ್ಲ ಒಂದು ತಂಡ. ತಂಡಕ್ಕೆ ಒಂದೇ ಗುರಿ ಇರಬೇಕು. ಎದೆ ಮುಟ್ಟಿ ಹೇಳಿ, ನಿಮ್ಮ ಗುರಿ ಏನು?" ಎಂದರು.

ಮುಂದೆ ನಿಂತಿದ್ದವನು ಭಟ್ಟಿ ಮೇಸ್ತ್ರಿ. ಗುಂಜಿಯವನು, ದಿನಾ ರೈಲಿಗೆ ಬರುತ್ತಾನೆ. ಬೆಂಕಿಯ ಬಣ್ಣ ನೋಡಿಯೇ ಹಂಚು ಬೆಂದದ್ದು ಹೇಳುವ ಮನುಷ್ಯ.

"ಖರೇನ ಹೇಳ್ಲೇನ್ರಿ?"

"ಹೇಳಿ, ಹೇಳಿ!"

"ಸಂಜೀಕ ಗುಂಜಿ ಗಾಡಿ ಸಿಗಬೇಕ್ರಿ."

ಗುಂಜಿ ಕಡೆಯ ಉಳಿದ ಏಳು ಮಂದಿಯೂ ಎದೆ ಮುಟ್ಟಿ ಅದನ್ನೇ ಹೇಳಿದರು. ಮೇಸ್ತ್ರಿ ಸಮಾಧಾನ ಮಾಡಿದ: "ನೋಡ್ರಿ ಸಾಹೇಬ್ರ, ಗುರಿ ಒಂದ ಐತಿ. ನಿಮ್ಮ ಅರ್ಧಾ ಕೆಲಸ ಮುಗೀತು."

ತೆರೆದ ಬಾಗಿಲು

"ನನಗೂ ನಿಮಗೂ ನಡುವೆ ಅಡ್ಡ ಇರಬಾರದು" ಎಂದು ಮ್ಯಾನೇಜರು ತಮ್ಮ ಕೋಣೆಯ ಬಾಗಿಲನ್ನೇ ಕೀಳಿಸಿದರು. ಎರಡು ದಿನ ಯಾರೂ ಒಳಗೆ ಹೋಗಲಿಲ್ಲ. ಮೂರನೇ ದಿನ, ಊಟದ ಮೇಲೆ ಸಾಹೇಬರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆಂಬುದು ಮಣ್ಣು ಕಲಸುವ ಹೆಣ್ಣುಮಕ್ಕಳಿಗೆಲ್ಲ ಗೊತ್ತಾಯಿತು.

"ಸಪ್ಪಳಾ ಮಾಡಬ್ಯಾಡ್ರೆವ್ವಾ, ಸಾಹೇಬ್ರು ಹುರುಪು ತುಂಬ್ಕೊಳ್ಳಾಕತ್ಯಾರ!" ಎಂದಳು ಒಬ್ಬಾಕೆ.

ನಾಲ್ಕನೇ ದಿನ ಬಾಗಿಲು ತನ್ನ ಜಾಗಕ್ಕೆ ಮರಳಿತು. ಶಿವ ಎಲ್ಲರಿಗೂ ನಿದ್ದೆ ಕೊಡಲಿ.

ತಿಂಗಳ ಉತ್ತಮ ಕೆಲಸಗಾರ

ಕಡೆಗೆ ಒಂದು ಒಳ್ಳೆಯ ಪದ್ಧತಿ ತಂದರು. ತಿಂಗಳಿಗೊಬ್ಬ ಉತ್ತಮ ಕೆಲಸಗಾರನ ಫೋಟೋಕ್ಕೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕುವುದು. ಮೊದಲ ಮಾನ ಮೇಸ್ತ್ರಿಗೇ ಬಂತು. ಫೋಟೋವನ್ನು ಶಿವನ ಫೋಟೋದ ಬಾಜೂಕ್ಕೇ ಮೊಳೆ ಹೊಡೆದು ಹಾಕಿದರು.

ಮರುದಿನ ಬೆಳಿಗ್ಗೆ ಶಿವನಿಗೆ ಮಾಲೆ ಹಾಕಿ ತಿರುಗಿದರೆ, ಮೇಸ್ತ್ರಿಯ ಮುಖ ಬಣಬಣ ಕಂಡಿತು. ದುಡಿಯುವವನಲ್ಲೂ ಶಿವನೇ ಇದ್ದಾನಲ್ಲ ಎಂದು ಅದಕ್ಕೂ ಒಂದು ಮಾಲೆ ಹಾಕಿ, ವಿಭೂತಿ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿದೆ. ಭಕ್ತಿಯಿಂದಲೇ ಮಾಡಿದೆ.

ಅಷ್ಟರಲ್ಲಿ ಮಾಲಕರು ಬಂದರು. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಭಟ್ಟಿ ಮುಚ್ಚುವ ಮಾತು ಹೇಳಲಿಕ್ಕೇ ಬಂದಿದ್ದರು. ಎಲ್ಲರನ್ನೂ ಒಳಗೆ ಕರೆದರು; ಗುಂಜಿ ಕಡೆಯವರು ಇನ್ನೂ ಬಂದಿರಲಿಲ್ಲ. ಗೋಡೆ ನೋಡಿದವರೇ ನಿಂತುಬಿಟ್ಟರು.

"ಅರೇ ದೇವಾ! ನಮ್ಮ ಮೇಸ್ತ್ರಿ? ನನಗ ಯಾರೂ ಹೇಳಲೇ ಇಲ್ಲಲ್ರೀ!"

ಚಪ್ಪಲಿ ಬಿಟ್ಟು ಕೈಮುಗಿದರು. ಮಾಲಕರು ಮುಗಿದರೆಂದು ಮ್ಯಾನೇಜರೂ ಮುಗಿದರು, ಮಂದಿಯೂ ಮುಗಿದರು. ನಿಜ ಹೇಳಲು ನನ್ನ ತುಟಿ ಬಿಚ್ಚಿತು. ಆದರೆ ಮಾಲಕರ ಕಣ್ಣಲ್ಲಿ ನೀರು.

"ನಮ್ಮ ಅಪ್ಪನ ಕಾಲದಿಂದ ಬೆಂಕಿ ಮುಂದ ನಿಂತ ಮನಶಾ. ಇಂಥವನ ಭಟ್ಟಿ ನಾ ಮುಚ್ಚಂಗಿಲ್ಲ. ಶಿವನ ಮುಂದ ಹೇಳ್ತೀನಿ, ನಾ ಇರೂ ತನಕಾ ಇದು ಉರೀತೈತಿ!"

ಬಿಚ್ಚಿದ ತುಟಿಯನ್ನು ಮುಚ್ಚಿಕೊಂಡೆ. ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ ಅಷ್ಟೇ. ಶಿವ ಕ್ಷಮಿಸಲಿ.

ಹಿಂದಿನಿಂದ ಯಾರೋ ಮೆಲ್ಲಗೆ ಬಂದು, ಚಪ್ಪಲಿ ಕಳೆದು, ಊಟದ ಡಬ್ಬಿ ಕೆಳಗಿಟ್ಟು, ಕೈಮುಗಿದು ನನ್ನ ಬಾಜೂಕ್ಕೆ ನಿಂತರು. ಕಿವಿಯಲ್ಲಿ ಕೇಳಿದರು: "ಯಾರು ಹೋದ್ರೀ, ಪಾಪ?"

ಮೇಸ್ತ್ರಿ!

ಪಿಸುಮಾತು ಕೇಳಿ ಮಾಲಕರು ತಿರುಗಿದರು. ಮುಗಿದ ಕೈ ಮುಗಿದಂತೆಯೇ ಇತ್ತು. ಗೋಡೆ ನೋಡಿದರು, ಅವನನ್ನು ನೋಡಿದರು, ಶಿವನನ್ನು ನೋಡಿದರು. ಕೊಟ್ಟ ಮಾತು ಹಿಂತೆಗೆಯುವ ಹಾಗಿಲ್ಲ.

"ನೀ... ನೀ ಎಲ್ಲಿದ್ದ್ಯೋ?"

ಮೇಸ್ತ್ರಿ ತಲೆ ತಗ್ಗಿಸಿದ. "ತಪ್ಪಾತ್ರೀ ಮಾಲಕರ. ಇವತ್ತ ಗುಂಜಿ ಗಾಡಿ ತಡಾ ಆತು."

ಇದನ್ನು ಕೇಳಿದ ನಿಮಗೆಲ್ಲ ಶಿವ ಒಳ್ಳೆಯದು ಮಾಡಲಿ. ನಿಮ್ಮ ಫೋಟೋಕ್ಕೆ ಮಾಲೆ ಬಿದ್ದ ದಿನವೂ, ನೀವು ಡಬ್ಬಿ ಹಿಡಿದು ತಡವಾಗಿ ಒಳಗೆ ಬರುವಂತಾಗಲಿ.