ಜೀಪಿನ ಮುಂದೆ ಏಳು ವರ್ಷ

ದುರ್ಗದ ಸುತ್ತಮುತ್ತಲಿನ ಗುಡ್ಡಗಾಡಿನಲ್ಲಿ ಜೀಪು ಓಡಿಸುವುದರಲ್ಲಿ ನಮ್ಮ ಸೋದರತ್ತೆಯದು ದೊಡ್ಡ ಹೆಸರು. ಆದರೆ ಅವರು ಜೀಪು ಓಡಿಸಿದ್ದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಜೀಪು ನಿಲ್ಲಿಸಿ, ಚಪ್ಪಲಿ ಬಿಚ್ಚಿಟ್ಟು, ಬಿಸಿಲಿನಲ್ಲಿ ನಡೆದಾಡಿದ್ದನ್ನು ಕಂಡವರೇ ಹೆಚ್ಚು! ಇಂಥವರನ್ನು ಡ್ರೈವರ್ ಎನ್ನಬೇಕೋ, ಪಾದಯಾತ್ರಿ ಎನ್ನಬೇಕೋ? ನೀವೇ ಹೇಳಿ. ನಾನು ಹೇಳಿದರೆ ಅದು ಬೈಗುಳವಾಗುತ್ತದೆ. ಇದನ್ನು ಬರೆಯುವ ಹೊತ್ತಿಗೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ.

ಅತ್ತೆ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಮೂವತ್ತು ವರ್ಷ ಊರ ಮಕ್ಕಳನ್ನೆಲ್ಲ ಮೈದಾನದ ಸುತ್ತ ಓಡಿಸಿ ನಿವೃತ್ತರಾದರು. ಅವರ ಜೊತೆಯ ಟೀಚರುಗಳು ಮಠಕ್ಕೆ, ಭಜನೆಗೆ, ಮೊಮ್ಮಕ್ಕಳ ಹತ್ತಿರಕ್ಕೆ ಹೋದರೆ, ಇವರು ಹರಾಜಿಗೆ ಹೋಗಿ ಒಂದು ಹಳೇ ಸರ್ಕಾರಿ ಜೀಪು ತಂದರು. ಮದುವೆ ಮಾಡಿಕೊಂಡಿಲ್ಲ. ‘ಯಾರೂ ಸಿಗಲಿಲ್ವಾ ಅತ್ತೆ?’ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ‘ಸಿಕ್ಕಿದ್ರು ಕಣೇ. ಲೈನಲ್ಲಿ ನೆಟ್ಟಗೆ ನಿಲ್ಲಾಕೆ ಬರ್ತಿರಲಿಲ್ಲ’ ಎಂದಿದ್ದರು. ಕೊರಳಲ್ಲಿ ತಾಳಿ ಇರಬೇಕಾದ ಜಾಗದಲ್ಲಿ ಇವತ್ತಿಗೂ ಒಂದು ಸೀಟಿ ನೇತಾಡುತ್ತದೆ.

ವರ್ಷಕ್ಕೊಮ್ಮೆ, ಚಳಿಗಾಲದ ಒಂದು ಭಾನುವಾರ, ಇವರ ಮುಂದಾಳತ್ವದಲ್ಲಿ ಆರೇಳು ಗಾಡಿಗಳು ಆಫ್‌ರೋಡಿಗೆ ಹೊರಡುತ್ತವೆ. ರಸ್ತೆ ಇಲ್ಲದ ಕಡೆ ಗಾಡಿ ಓಡಿಸುವುದಕ್ಕೆ ಆ ಹೆಸರು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬೇರೆ ಏರ್ಪಾಟು ಯಾಕೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅತ್ತೆ ಸೀಟಿ ಊದಿದರು.

ಇದಕ್ಕೆಲ್ಲ ಅತ್ತೆಯದು ಒಂದೇ ಕಾನೂನು: ‘ನಡೀದಿರೋ ದಾರೀಲಿ ಗಾಡಿ ಓಡಿಸಂಗಿಲ್ಲ.’ ಏರು ಬಂದರೆ ಇಳಿಯಬೇಕು, ಇಳಿಜಾರು ಬಂದರೆ ಇಳಿಯಬೇಕು, ಕೊರಕಲು ಬಂದರೆ ಇಳಿಯಬೇಕು. ಮೊದಲು ಎಲ್ಲರೂ ಆ ದಾರಿಯನ್ನು ಬರಿಗಾಲಲ್ಲಿ ನಡೆದು ನೋಡಬೇಕು. ಬರಿಗಾಲೇ ಯಾಕೆ? ‘ಮೆಟ್ಟಿಗೆ ಏನು ಗೊತ್ತಾಗ್ತೈತೆ? ಮಣ್ಣು ಸಡಿಲ ಐತೋ ಗಟ್ಟಿ ಐತೋ ಅಂತ ಕಾಲಿಗೆ ಗೊತ್ತಾಗಬೇಕು!’ ಅದಾದ ಮೇಲೆ ವಾಪಸು ಬಂದು ಗಾಡಿ ಹತ್ತಬೇಕು. ಆಮೇಲೂ ಪ್ರತಿ ಗಾಡಿಯ ಮುಂದೆ ಒಬ್ಬರು ನಡೆಯುತ್ತ, ಎಡಕ್ಕೋ ಬಲಕ್ಕೋ ಎಂದು ಕೈ ಎತ್ತಿ ತೋರಿಸಬೇಕು. ಹೀಗೆ ಒಂದೇ ದಾರಿಯನ್ನು ಕೆಲವರು ಮೂರು ಮೂರು ಸಲ ನಡೆಯುತ್ತಾರೆ. ಪೆಟ್ರೋಲಿಗಿಂತ ಅಂಗಾಲು ಬೇಗ ಖರ್ಚಾಗುವ ಆಫ್‌ರೋಡು ಪ್ರಪಂಚದಲ್ಲಿ ಇನ್ನೆಲ್ಲಾದರೂ ಇದೆಯೇ?

ಅತ್ತೆಯ ಜೀಪಿನ ಮುಂದೆ ನಡೆಯುವವಳು ಯಾರು ಗೊತ್ತೇ? ನಾನು! ಏಳು ವರ್ಷಗಳಿಂದ ನಾನೇ. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು, ವಾರಕ್ಕೆ ಎರಡು ಸಲ ಮನೆಯ ಕಾರಿನಲ್ಲಿ ಪೇಪರ್ ಬಂಡಲ್ ಹೇರಿಕೊಂಡು ಹೊಸದುರ್ಗಕ್ಕೆ ಹೋಗಿಬರುವ ನಾನು, ಲೈಸೆನ್ಸ್ ಇರುವ ನಾನು! ನಲವತ್ತೆರಡು ವಯಸ್ಸಾದರೂ ಅತ್ತೆಯ ಲೆಕ್ಕದಲ್ಲಿ ನನಗೆ ಸ್ಟೇರಿಂಗ್ ಮುಟ್ಟುವ ಯೋಗ್ಯತೆ ಬಂದಿರಲಿಲ್ಲ. ಕಾರಣ ಕೇಳಿದರೆ, ‘ನಿನ್ನ ಕಾಲಲ್ಲಿ ಸಿಟ್ಟು ಐತೆ. ಸಿಟ್ಟಿರೋ ಕಾಲಿಗೆ ಎಕ್ಸಲರೇಟರ್ ಕೊಡಬಾರದು’ ಎನ್ನುತ್ತಿದ್ದರು. ಸಿಟ್ಟು ಬರಿಸುತ್ತಿದ್ದವರೂ ಅವರೇ ಎನ್ನುವುದನ್ನು ಮಾತ್ರ ಮರೆಯುತ್ತಿದ್ದರು.

ಈ ವರ್ಷ ನಾನು ಖಡಾಖಂಡಿತವಾಗಿ ಹೇಳಿಬಿಟ್ಟೆ. ಸ್ಟೇರಿಂಗ್ ಕೊಟ್ಟರೆ ಬರುತ್ತೇನೆ, ಇಲ್ಲದಿದ್ದರೆ ಬೇರೆ ಯಾರನ್ನಾದರೂ ನಡೆಸಿಕೊಳ್ಳಿ. ಫೋನಿನಲ್ಲಿ ಅತ್ತೆ ಮೊದಲು ನನ್ನ ಕಾಲಿನ ಸಿಟ್ಟಿನ ಮಾತು ತೆಗೆದರು. ಆಮೇಲೆ, ‘ಬಾರೇ. ಕೊನೇ ಇಳಿಜಾರು ನಿಂದೇ’ ಎಂದರು. ಆ ಒಂದು ಮಾತಿನ ಮೇಲೆ ಹೋದೆ.

ಬೆಳಗ್ಗೆ ಏಳಕ್ಕೆ ಮದಕರಿಪುರದ ಹತ್ತಿರ ಸೇರಿದೆವು. ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಹಾಜರಿ ಆಯಿತು. ‘ಕಾಲಿನ ಬೆರಳು ಮುಟ್ರಿ!’ ಎಂದು ಸೀಟಿ ಊದಿದರು. ಈ ಸಲ ಹೊಸದಾಗಿ ಸೇರಿದ್ದ ದಾವಣಗೆರೆಯ ಹಲ್ಲಿನ ಡಾಕ್ಟರಿಗೆ ಕೈ ಮೊಣಕಾಲಿನಿಂದ ಕೆಳಗೆ ಹೋಗಲಿಲ್ಲ.

‘ನಾವು ಡ್ರೈವ್ ಮಾಡಾಕೆ ಬಂದಿದ್ದಲ್ವಾ ಮೇಡಂ?’

‘ಗಾಡಿ ಕೆಳಗೆ ಜ್ಯಾಕ್ ಇಡಾಕೆ ಬಗ್ಗಬೇಕಾದ್ರೆ ಆವಾಗ ನಮ್ಮನ್ನ ಕರೀತೀರೇನ್ರಿ? ಬಗ್ರಿ!’

ಪಾಪ, ಬಗ್ಗಿದರು. ಅವರ ಸೊಂಟದಲ್ಲಿ ಲಟಕ್ ಎಂದ ಸದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆ ಸಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಗ್ಗಿದವರು ದುರ್ಗದ ಹಾಸಿಗೆ ಅಂಗಡಿಯ ಸಾಹೇಬರು. ಅವರು ಹೈಸ್ಕೂಲಿನಲ್ಲಿ ಅತ್ತೆಯ ಶಿಷ್ಯರು, ಐವತ್ತಾದರೂ ಸೀಟಿ ಕೇಳಿದರೆ ತಾವಾಗಿ ನೆಟ್ಟಗಾಗುತ್ತಾರೆ.

ಮೊದಲು ಸಿಕ್ಕಿದ್ದು ಫ್ಯಾನಿನ ಗುಡ್ಡ. ಗಾಳಿಯಿಂದ ಕರೆಂಟು ಮಾಡುವ ಆ ದೊಡ್ಡ ಯಂತ್ರಗಳಿಗೆ ನಮ್ಮ ಕಡೆ ಫ್ಯಾನು ಎಂದೇ ಹೆಸರು. ಅವನ್ನು ಸಾಗಿಸಲು ಎಂದೋ ಕಡಿದ ಮಣ್ಣಿನ ದಾರಿ ಈಗ ಮಳೆಗೆ ಕೊಚ್ಚಿ, ಬೆಣಚುಕಲ್ಲು ಎದ್ದು ನಿಂತಿದೆ. ಡಾಕ್ಟರ ಹೊಸ ಗಾಡಿಯಲ್ಲಿ ಟಿ.ವಿ.ಯಷ್ಟು ದೊಡ್ಡ ಪರದೆ ಇತ್ತು. ‘ಇದು ಏರು ಎಷ್ಟು ಐತೆ ಅಂತ ತೋರಿಸ್ತೈತೆ ಮೇಡಂ, ನಡೆಯೋದೇ ಬ್ಯಾಡ’ ಎಂದರು. ಅತ್ತೆ ಪರದೆಯನ್ನು ಬಗ್ಗಿ ನೋಡಿ, ‘ಬಾಳ ಚಂದ ಐತೆ. ಈಗ ಬೂಟು ಬಿಚ್ರಿ’ ಎಂದರು.

ಹದಿನಾಲ್ಕು ಜನ ಬರಿಗಾಲಲ್ಲಿ ಗುಡ್ಡ ಹತ್ತುತ್ತಿದ್ದೆವು. ಕೆಳಗೆ ಆರು ಗಾಡಿಗಳು ನೆರಳಿನಲ್ಲಿ ಹಾಯಾಗಿ ನಿಂತಿದ್ದವು. ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ನೋಡಿ ಮರುಗಿ ಹತ್ತಿರ ಬಂದಳು.

‘ಏನ್ರವ್ವಾ, ಗಾಡಿ ಕೆಟ್ಟೋದ್ವಾ?’

‘ಇಲ್ಲಜ್ಜಿ, ಚೆನ್ನಾಗವೆ.’

‘ಎಣ್ಣೆ ಖಾಲಿ ಆತಾ?’

‘ಇಲ್ಲಜ್ಜಿ, ಫುಲ್ ಟ್ಯಾಂಕ್ ಐತೆ.’

‘ಮತ್ಯಾಕ್ರವ್ವಾ ನಡೀತಿದ್ದೀರಿ?’

ನಾನು ಮುಂದೆ ಹತ್ತುತ್ತಿದ್ದ ಅತ್ತೆಯ ಕಡೆ ಕೈ ತೋರಿಸಿದೆ. ಅಜ್ಜಿ ಒಮ್ಮೆ ಗಾಡಿಗಳನ್ನು, ಒಮ್ಮೆ ನಮ್ಮ ಕಾಲುಗಳನ್ನು ನೋಡಿ, ‘ಹರಕೆ ಇರಬೇಕು ಬಿಡು’ ಎಂದು ತಾನೇ ಸಮಾಧಾನ ಮಾಡಿಕೊಂಡು ಮೇಕೆಗಳ ಕಡೆ ಹೋದಳು.

ಆದರೆ ನನ್ನ ಸಿಟ್ಟು ನಿಜವಾಗಿ ನೆತ್ತಿಗೇರಿದ್ದು ಹಿರಿಯೂರು ಕಡೆಯ ಒಂದು ಬತ್ತಿದ ಕೆರೆಯಂಗಳದಲ್ಲಿ. ನಮ್ಮ ಗುಂಪಿನಲ್ಲಿ ಅದಕ್ಕೆ ಮರುಭೂಮಿ ಎಂಬ ಬಿರುದು ಬೇರೆ ಇದೆ. ಅಂಗೈಯ ಹಾಗೆ ಸಮತಟ್ಟು, ಮೇಲೆಲ್ಲ ಬಿರುಕು ಬಿಟ್ಟ ಒಣ ಮಣ್ಣು, ಕಣ್ಣು ಹಾಯುವವರೆಗೂ ಜಾಲಿ ಗಿಡ. ಇಲ್ಲೂ ನಡೆಯಬೇಕಂತೆ! ಡಾಕ್ಟರು ಬೂಟನ್ನೇ ಬಿಚ್ಚಲಿಲ್ಲ. ಗಾಡಿ ಹತ್ತಿ, ಧೂಳೆಬ್ಬಿಸಿಕೊಂಡು ಒಂದೇ ಉಸಿರಿಗೆ ಆ ದಡ ಸೇರಿಬಿಟ್ಟರು. ಅತ್ತೆ ಸೀಟಿ ಊದಿದರು, ಊದಿದರು, ಉಸಿರು ಕಟ್ಟುವವರೆಗೂ ಊದಿದರು. ‘ಮಧ್ಯದಲ್ಲಿ ಹೂತ್ಕಂತಾನೆ ನೋಡ್ತಿರು’ ಎಂದು ನನಗೆ ಹೇಳಿದರು. ಡಾಕ್ಟರು ಹೂತುಕೊಳ್ಳಲಿಲ್ಲ. ಆ ದಡದ ಬೇವಿನ ಮರದ ಕೆಳಗೆ ಕೂತು, ನಾನು ನಾಲ್ಕು ಗಂಟೆಗೆ ಎದ್ದು ಮಾಡಿ, ಎಲ್ಲರಿಗೂ ಹಂಚಲೆಂದು ಅವರ ಗಾಡಿಯಲ್ಲಿ ಇಟ್ಟಿದ್ದ ಮಂಡಕ್ಕಿ ಒಗ್ಗರಣೆಯ ಡಬ್ಬಿ ಬಿಚ್ಚಿದರು!

ನಾವು ಕಾನೂನು ಪ್ರಕಾರ ನಡೆದೆವು. ಮುಕ್ಕಾಲು ಗಂಟೆ. ನಾನು ಕೆರೆಯ ಈ ತುದಿಯಿಂದ ಆ ತುದಿಗೆ ಹೆಜ್ಜೆ ಒತ್ತಿ ಒತ್ತಿ ಹೋಗಿ, ವಾಪಸು ಬಂದು, ‘ಎಲ್ಲಾ ಗಟ್ಟಿ ಐತೆ ಅತ್ತೆ’ ಎಂದು ವರದಿ ಒಪ್ಪಿಸಿದೆ. ಆಮೇಲೆ ಮತ್ತೆ ಜೀಪಿನ ಮುಂದೆ ನಡೆದೆ. ಅರ್ಧ ದಾರಿಯಲ್ಲಿ ಹಿಂದೆ ಬುಸ್ ಎಂದಿತು. ಮೇಲಿನ ಒಣ ಪದರ ಒಡೆದು, ಜೀಪು ಅಚ್ಚಿನವರೆಗೆ ಕೆಸರಿನಲ್ಲಿ ಕೂತಿತ್ತು. ಡಾಕ್ಟರ ಗಾಡಿ ದಾಟಿದ ಜಾಗದಿಂದ ಬರೀ ಇಪ್ಪತ್ತು ಹೆಜ್ಜೆ ಆಚೆ!

ಅತ್ತೆ ಇಳಿದು ಸೊಂಟದ ಮೇಲೆ ಕೈ ಇಟ್ಟು ನನ್ನನ್ನು ನೋಡಿದರು.

‘ಎಲ್ಲಿ ನೋಡ್ಕಂಡು ನಡೆದೆ ನೀನು?’

ಇಷ್ಟೇ ಸಾಕಾಯಿತು. ಏಳು ವರ್ಷದ್ದೆಲ್ಲ ಹೊರಗೆ ಬಂತು. ‘ನಾನೇನು ಜೀಪಿನಷ್ಟು ತೂಕ ಅದೀನೇನ್ರಿ ಅತ್ತೆ? ನಾನು ತುಳಿದ್ರೆ ಗಟ್ಟಿ ಇರೋ ನೆಲ ಜೀಪು ತುಳಿದ್ರೂ ಗಟ್ಟಿ ಇರಬೇಕಾ? ಇದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗ್ತೈತೆ! ಏಳು ವರ್ಷ ನಿಮ್ಮ ಗಾಡಿ ಮುಂದೆ ಎತ್ತಿನಂಗೆ ನಡೆದೆ, ಒಂದಿನ ಚೆಂದ ನಡೆದೆ ಅಂದಿಲ್ಲ ನೀವು. ಗಾಡಿ ದಾಟಿದ್ರೆ ನಿಮ್ಮ ಡ್ರೈವಿಂಗು, ಹೂತ್ಕಂಡ್ರೆ ನನ್ನ ಕಾಲು! ಮಕ್ಕಳನ್ನ ಓಡಿಸಿ ಓಡಿಸಿ ನಿಮಗೆ ಮನುಷ್ಯರು ಅಂದ್ರೆ ಏನು ಅಂತ ಮರ್ತೋಗೈತೆ!’

ಕೊನೆಯ ಮಾತು ಆಡಬಾರದಿತ್ತು. ಬಾಯಿಂದ ಬಿದ್ದ ಕೂಡಲೇ ಗೊತ್ತಾಯಿತು. ಸಾಹೇಬರು ನೆಲ ನೋಡುತ್ತ ನಿಂತರು. ಅತ್ತೆ ಹಗ್ಗ ಬಿಚ್ಚತೊಡಗಿದರು. ಡಾಕ್ಟರು ತಮ್ಮ ಗಾಡಿ ತಂದು, ಹಗ್ಗ ಕಟ್ಟಿ, ಜೀಪನ್ನು ಎಳೆದು ಹಾಕಿದರು. ಅವರು ವಾಪಸು ಕೊಟ್ಟ ಮಂಡಕ್ಕಿಯ ಖಾಲಿ ಡಬ್ಬಿ ಯಲ್ಲದಕೆರೆ ದಾಟುವವರೆಗೂ ಜೀಪಿನಲ್ಲಿ ನನ್ನ ಕಾಲ ಹತ್ತಿರ ಉರುಳಾಡುತ್ತಿತ್ತು.

ಮಾಡದಕೆರೆ ಕಡೆಗೆ ಇಳಿಯುವ ಗುಡ್ಡದ ನೆತ್ತಿಗೆ ಬಂದಾಗ ಮೂರು ಗಂಟೆ. ಅದೇ ಕೊನೆಯ ಇಳಿಜಾರು. ಎರಡೂ ಕಡೆ ಆಳವಾದ ಕೊರಕಲು, ನಡುವೆ ಜೀಪಿನಷ್ಟೇ ಅಗಲದ ದಿಣ್ಣೆಯಂಥ ಏಣು, ಅದರ ಮೇಲೆ ಕಾಲಿಟ್ಟರೆ ಜಾರುವ ಸಣ್ಣ ಕಲ್ಲಿನ ಗರಸು. ಎಲ್ಲರೂ ಒಂದು ಸಲ ನಡೆದು ಬಂದೆವು. ನಾನು ಕೀ ತೆಗೆದುಕೊಳ್ಳಲು ಕೈ ಚಾಚಿದೆ.

‘ಇವತ್ತು ಬ್ಯಾಡ ಕಣೇ’ ಎಂದರು ಅತ್ತೆ. ‘ಇವತ್ತು ನೀನು ಬಾಳ ಸಿಟ್ಟಲ್ಲಿದ್ದೀಯ.’

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೆ ಅಳಲಿಲ್ಲ. ಹೋಗಿ ದಾರಿಯ ಮಧ್ಯದಲ್ಲೇ ನೆಲದ ಮೇಲೆ ಕೂತೆ. ‘ಹಂಗಾದ್ರೆ ನಡೆಯೋದೂ ಇವತ್ತು ಬ್ಯಾಡ. ನಿಮ್ಮ ಗಾಡಿ ಮುಂದೆ ಯಾರು ನಡೀತಾರೋ ನಡೀಲಿ. ನಾನು ಏಳಲ್ಲ’ ಎಂದೆ. ನಾನು ಎದ್ದರೆ ತಾನೇ ಗಾಡಿ ಮುಂದೆ ಹೋಗುವುದು? ಹಿಂದೆ ಆರೂ ಗಾಡಿ ನಿಂತವು. ಹಾರನ್ ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹತ್ತು ನಿಮಿಷ ಆಯಿತು, ಹದಿನೈದು ಆಯಿತು.

ಸಾಹೇಬರು ಮೆಲ್ಲಗೆ ಹತ್ತಿರ ಬಂದರು. ‘ಕೊಟ್ಬಿಡ್ರಿ ಟೀಚರ್. ಮಾತು ಕೊಟ್ಟಿದ್ರಲ್ಲ.’

‘ನೀನು ಲೈನಿಗೆ ಹೋಗು!’

ಸಾಹೇಬರು ಲೈನಿಗೆ ಹೋದರು. ಅಲ್ಲಿಂದಲೇ, ‘ಕೊಟ್ಬಿಡ್ರಿ ಟೀಚರ್’ ಎಂದರು.

ಅತ್ತೆ ನನ್ನ ಮಡಿಲಿಗೆ ಕೀ ಎಸೆದರು. ನಾನು ಎದ್ದು ಹೋಗಿ ಸ್ಟೇರಿಂಗ್ ಹಿಂದೆ ಕೂತೆ. ಗೆದ್ದೆ ಎನ್ನುವ ಖುಷಿ ಅರ್ಧ ನಿಮಿಷವೂ ಇರಲಿಲ್ಲ. ಮುಂದೆ ನಡೆಯುವವರು ಯಾರು? ಸಾಹೇಬರನ್ನು ನೋಡಿದೆ, ಅವರು ಡಾಕ್ಟರನ್ನು ನೋಡಿದರು, ಡಾಕ್ಟರು ದೂರದ ಗುಡ್ಡದ ಫ್ಯಾನು ನೋಡಿದರು. ಜಾರುವ ಇಳಿಜಾರಿನಲ್ಲಿ, ಮೊದಲ ಸಲ ಜೀಪು ಹಿಡಿದವಳ ಮುಂದೆ, ಅದೂ ಇಷ್ಟು ಸಿಟ್ಟಿರುವವಳ ಮುಂದೆ ಯಾರು ನಡೆಯುತ್ತಾರೆ? ನಾನಾದರೂ ನಡೆಯುತ್ತಿರಲಿಲ್ಲ.

ಅತ್ತೆ ಚಪ್ಪಲಿ ಬಿಚ್ಚಿ ಜೀಪಿನ ಮುಂದೆ ಹೋಗಿ ನಿಂತರು. ಅರವತ್ತೆಂಟು ವರ್ಷದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗೆ ಬೆನ್ನು ಹಾಕಿ, ಇಳಿಯಲು ಶುರು ಮಾಡಿದರು.

ಮೊದಲನೇ ಗೇರಿನಲ್ಲಿ ಜೀಪು ಗರಗರ ಎನ್ನುತ್ತ ಇಳಿಯಿತು. ಅತ್ತೆಯ ಬಲಗೈ ಎದ್ದರೆ ಬಲಕ್ಕೆ, ಎಡಗೈ ಎದ್ದರೆ ಎಡಕ್ಕೆ. ಅವರ ನರೆತ ಜಡೆಗೂ ಜೀಪಿನ ಬಂಪರಿಗೂ ಎರಡು ಮಾರು ಅಂತರ. ಒಂದು ಕಡೆ ಹಿಂದಿನ ಗಾಲಿ ಜಾರಿ ಜೀಪು ಸ್ವಲ್ಪ ವಾರೆಯಾಯಿತು, ಕಲ್ಲುಗಳು ಉರುಳಿ ಅವರ ಹಿಮ್ಮಡಿಗೆ ಬಡಿದವು. ಅವರು ನಿಂತರು. ತಿರುಗಿ ನೋಡಲಿಲ್ಲ. ನಾನು ನೆಟ್ಟಗೆ ಮಾಡಿಕೊಂಡ ಮೇಲೆ ಮತ್ತೆ ನಡೆದರು. ನನ್ನ ಸಿಟ್ಟು ಯಾವ ತಿರುವಿನಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ. ಆ ಬೆನ್ನೊಂದು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಕೆಳಗೆ ಬಂದು ಎಂಜಿನ್ ಆಫ್ ಮಾಡಿದವಳೇ ಇಳಿದು ಓಡಿದೆ. ಭಯ ಎಲ್ಲ ಮತ್ತೆ ಸಿಟ್ಟಾಗಿ ಬಾಯಿಗೆ ಬಂತು. ‘ಒಂದ್ಸಲನಾದ್ರೂ ತಿರುಗಿ ನೋಡಬಾರದಾ ಅತ್ತೆ? ಬ್ರೇಕ್ ಹಿಡೀದೆ ಹೋಗಿದ್ರೆ? ನಾನು ಕಾಲು ತಪ್ಪಿ ಎಕ್ಸಲರೇಟರ್ ತುಳಿದಿದ್ರೆ ಏನು ಗತಿ?’

ಅತ್ತೆ ಒಂದು ಕಲ್ಲಿನ ಮೇಲೆ ಕೂತು, ಬಲಗಾಲನ್ನು ನನ್ನ ಕಡೆ ಚಾಚಿದರು. ಅಂಗಾಲಿನಲ್ಲಿ ಜಾಲಿ ಮುಳ್ಳು ಆಳಕ್ಕೆ ಇಳಿದು ಮುರಿದಿತ್ತು. ಎಲ್ಲಿ ಚುಚ್ಚಿತೋ, ಎಷ್ಟು ದೂರ ಅದರ ಮೇಲೆಯೇ ನಡೆದರೋ! ನಾನು ನೆಲದ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೀರೆಯ ಪಿನ್ನು ತೆಗೆದೆ.

‘ಏಳು ವರ್ಷ ನೀನು ನನ್ನ ಗಾಡಿ ಮುಂದೆ ನಡೆದೆಯಲ್ಲೇ’ ಎಂದರು. ‘ಒಂದಿನನಾದ್ರೂ ತಿರುಗಿ ನೋಡಿದ್ದೀಯಾ? ಬ್ರೇಕ್ ಸರಿ ಐತಾ ಅತ್ತೆ ಅಂತ ಕೇಳಿದ್ದೀಯಾ? ಈ ಲೋಕದಲ್ಲಿ ನನಗೆ ಹಂಗೆ ಬೆನ್ನು ಕೊಟ್ಟು ನಡೆದೋಳು ನೀನೊಬ್ಳೇ ಕಣೇ.’

ಆ ಹಾಳು ಮುಳ್ಳಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಎಷ್ಟು ಬಗ್ಗಿ ನೋಡಿದರೂ, ಎಷ್ಟು ಸಲ ಕಣ್ಣೊರೆಸಿಕೊಂಡರೂ, ಅದು ಕಾಣಿಸುತ್ತಲೇ ಇರಲಿಲ್ಲ.