ಹುಲ್ಲು ತಿನ್ನದ ಕುದುರೆ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ರಸ್ತೆ ಹಿಡಿದವನು ನಾನು. ಎಲ್ಲಿ ಗಾಡಿ ನಿಲ್ಲಿಸಿದರೂ ಇಂಥದ್ದೊಂದು ಆಗಿಯೇ ಆಗುತ್ತದೆ; ನಗಬೇಕೋ, ತಾಯಿತ ಕಟ್ಟಿಸಿಕೊಳ್ಳಬೇಕೋ ತಿಳಿಯುವುದಿಲ್ಲ. ಗುಬ್ಬಿಯ ದನದ ದಲ್ಲಾಳಿಯೊಬ್ಬರ ಟೆಂಪೋ ಓಡಿಸುತ್ತಿದ್ದಾಗ ನಡೆದದ್ದು ಇದು.

ಹಲ್ಲು

ಫೋನಿಗೆ ಗ್ಲಾಸ್ ಹಾಕಿಸಲು ತುಮಕೂರಿನ ಅಂಗಡಿಗೆ ಹೋದ ದಲ್ಲಾಳಿ, ಅಂಗಡಿಯ ಭಾಯ್ ಮೊಬೈಲಿನಲ್ಲಿ ಕುದುರೆ ಓಡಿಸುವುದನ್ನು ನೋಡಿ ನಿಂತರು.

“ಬರೀ ಆಟ ಅಲ್ಲಣ್ಣಾ, ಸಂಪಾದ್ನೆ. ಕುದ್ರೆ ಕೊಂಡ್ಕೊ, ಓಡ್ಸು, ಗೆದ್ರೆ ಕಾಯಿನ್ ಬರ್ತದೆ. ಕಾಯಿನ್ ಮಾರಿದ್ರೆ ರೂಪಾಯಿ. ಬ್ಲಾಕ್‌ಚೈನ್ ಇದು. ಕುದ್ರೆ ನಿಂದು ಅಂತ ಒಂದ್ಸಲ ಬರೆದ್ರೆ ಯಾರಪ್ಪನೂ ಅಳ್ಸಕ್ಕಾಗಲ್ಲ.”

“ಹುಲ್ಲು?”

“ಬೇಡ.”

“ಸಗಣಿ?”

“ಇಲ್ಲ.”

“ಹಂಗಾರೆ ಹಲ್ಲು ತೋರ್ಸು.”

ಹಲ್ಲು ನೋಡದೆ ಪ್ರಾಣಿ ಕೊಂಡವರಲ್ಲ ದಲ್ಲಾಳಿ. ಪರದೆ ಮೇಲಿನ ಕುದುರೆಯ ತುಟಿಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು. ಕುದುರೆ ಬಾಯಿ ತೆರೆಯಿತು.

ಭಾಯ್ ಮುಖ ಬಿಳುಚಿಕೊಂಡಿತು. “ಅಣ್ಣಾ, ಈ ಗೇಮಲ್ಲಿ ಕುದ್ರೆ ಬಾಯಿ ತೆಗ್ದಿದ್ದು ನಾನು ನೋಡೇ ಇಲ್ಲ!”

“ನೀನು ಕೇಳೋ ಥರ ಕೇಳಿಲ್ಲ,” ಎಂದ ದಲ್ಲಾಳಿ, ಜೋಡೆತ್ತು ಮಾರಿದ ದುಡ್ಡನ್ನೆಲ್ಲ ಆ ಕುದುರೆಗೇ ಸುರಿದರು.

ಜ್ವರ

ಮೊದಮೊದಲು ಗೆದ್ದಿತು. ಆಮೇಲೆ ಕಾಯಿನ್ ಬೆಲೆ ಬಿತ್ತು. ಭಾಯ್ ಆಟ ಬಿಟ್ಟ, ಅವನ ಗೆಳೆಯರೂ ಬಿಟ್ಟರು. ದಲ್ಲಾಳಿ ಮಾತ್ರ ಊಟದ ತಟ್ಟೆ ಪಕ್ಕದಲ್ಲೂ ಕುದುರೆ ಇಟ್ಟುಕೊಂಡೇ ಕೂರುತ್ತಿದ್ದರು. “ಇವತ್ತು ಸೋತ್ರೆ ನಾಳೆ ಗೆಲ್ತದೆ ಬುಡ್ಲಾ. ಮುದಿಯಾಗೋ ಪ್ರಾಣೀನಾ ಇದು?” ನಾಳೆ ಅನ್ನುವುದು ಎಂಥ ಹಗ್ಗ ನೋಡಿ, ಕಟ್ಟಿದವನೂ ಕಾಣ, ಬಿಚ್ಚಲೂ ಬಾರದು.

ಸೋಲು ನಿಲ್ಲದಾಗ ಫೋನು ನನ್ನ ಕೈಗೆ ಕೊಟ್ಟು ಕುಣಿಗಲ್ಲಿಗೆ ಹೊರಡಿಸಿದರು. ಅಲ್ಲಿ ಜೀವಮಾನವಿಡೀ ಕುದುರೆ ಸಾಕಿದ ಮುದುಕನೊಬ್ಬನಿದ್ದ. ಫೋನು ಕಿವಿಗಿಟ್ಟುಕೊಂಡು, “ಎದೆ ಜೋರಾಗಿ ಹೊಡ್ಕೋತಾ ಅದೆ. ಜ್ವರ,” ಎಂದ.

ಅಷ್ಟರಲ್ಲಿ ಅಂಗಳದಲ್ಲಿ ಕಟ್ಟಿದ್ದ ಹೆಣ್ಣುಕುದುರೆ ಕಿವಿ ನಿಮಿರಿಸಿ ಕೆನೆಯಿತು. ಫೋನಿನೊಳಗಿಂದ ತಿರುಗಿ ಕೆನೆತ ಬಂತು.

“ಸೌಂಡ್ ಆಫ್ ಮಾಡಿದ್ದೆ ಕಣಜ್ಜ,” ಎಂದೆ.

“ಹೆಣ್ಣು ಕರೆದ್ರೆ ಯಾವ ಗಂಡು ಬಾಯ್ಮುಚ್ಕೊಂಡು ನಿಂತವ್ನೆ? ರೋಗ ಗೊತ್ತಾಯ್ತು, ಬೇಗ ಮದ್ವೆ ಮಾಡಿ.”

ಟವೆಲ್

ಒಂದು ಸಂತೆಯ ದಿನ ಗುಬ್ಬಿಯಲ್ಲಿ ದಲ್ಲಾಳಿ ಕೂಗಿದರು. “ಹಣೆ ಮೇಲೆ ಸುಳಿ ಎದ್ದದೆ ಕಣ್ಲಾ! ಮನೆಹಾಳು ಸುಳಿ!”

ಬಗ್ಗಿ ನೋಡಿದೆ. ನೆಟ್ ಸಿಗದೆ ಗಿರಗಿರ ತಿರುಗುತ್ತದಲ್ಲ ಒಂದು ಚಕ್ರ, ಅದು ಸರಿಯಾಗಿ ಕುದುರೆಯ ಹಣೆ ಮೇಲೆ ನಿಂತಿತ್ತು.

“ಲೋಡಾಗ್ತಾ ಇದೆ ಅಷ್ಟೇ, ಯಜಮಾನ್ರೇ.”

“ಸುಮ್ನಿರ್ಲಾ. ಸುಳಿ ಇರೋ ಪ್ರಾಣಿ ನನ್ ಕೈಲೇ ಸತ್ರೆ ಸಂತೇಲಿ ಇನ್ಯಾವನು ನನ್ನ ನಂಬ್ತಾನೆ? ಈಗ್ಲೇ ದಾಟಿಸ್ಬೇಕು.”

ಮಾರಾಟದ ಗುಂಡಿ ಒತ್ತಿದರು. ಹೆಸರಿಲ್ಲದ ಗಿರಾಕಿಯೊಬ್ಬ ಬಂದ. ನಮ್ಮ ದನದ ವ್ಯಾಪಾರದಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ತಿಳಿಸುವುದು. ದಲ್ಲಾಳಿ ಫೋನಿನ ಮೇಲೆ ಟವೆಲ್ ಹೊದಿಸಿ ಕೈ ತೂರಿಸಿದರು.

“ಹಿಡ್ಕೊಂಡ ಕಣ್ಲಾ!”

“ಯಾರು?”

“ಶ್! ವ್ಯಾಪಾರ ನಡೀತಾ ಅದೆ.”

ಟವೆಲ್ ಒಮ್ಮೆ ಉಬ್ಬಿ ಇಳಿಯಿತು. ತೆಗೆದರೆ ಕುದುರೆ ಮಾರಾಟವಾಗಿ, ಬ್ಯಾಂಕಿಗೆ ದುಡ್ಡು ಬಿದ್ದಿತ್ತು. ಆಗಲೇ ಭಾಯ್ ಫೋನು. “ಅಣ್ಣಾ, ಗೇಮ್ ಬೆಳಿಗ್ಗೇನೇ ಮುಚ್ಚೋಯ್ತು! ಒಳಗೆ ಒಂದು ನರಪಿಳ್ಳೆ ಇಲ್ಲ.”

ನಾನು ದಲ್ಲಾಳಿಯ ಕೈ ನೋಡಿದೆ. “ಮತ್ತೆ ನಿಮ್ ಕೈ ಹಿಡಿದಿದ್ದು ಯಾರು?”

“ಯಾರೋ ಏನೋ, ಐಸ್ ಥರ ತಣ್ಣಗಿದ್ದ. ನಾನು ಐದು ಬೆರಳು ಒತ್ತಿ ಕೇಳ್ದೆ. ಅವ್ನು ಆರು ಒತ್ತಿದ.”

“ಒಂದೇ ಕೈಯಾಗೆ ಆರು ಬೆರಳಾ?”

ದಲ್ಲಾಳಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಕೇಳಿದ್ದಕ್ಕಿಂತ ಜಾಸ್ತಿ ಕೊಡೋ ಗಿರಾಕಿ ಕೈಲಿ ಬೆರಳು ಹೆಚ್ಚಾದ್ವು ಅಂತ ಯಾವ ದಲ್ಲಾಳಿ ಜಗಳ ತೆಗೀತಾನ್ಲಾ?”